ದಿನಕ್ಕೊಂದು ಪುಟ

ಹೊಸ ವರ್ಷ ಹತ್ತಿರವಾಗುತ್ತಲೇ ಪುಸ್ತಕದ ಅಂಗಡಿಗಳಲ್ಲಿ ದಿನಚರಿಯ ಪುಸ್ತಕಗಳು ಸಾಲಾಗಿ ಬಂದು ಕೂರುತ್ತವೆ. ದಪ್ಪ ರಟ್ಟು, ತಾರೀಖು ಅಚ್ಚಾದ ಬಿಳಿಯ ಹಾಳೆಗಳು, ಗುರುತಿಗೊಂದು ರೇಷ್ಮೆಯ ದಾರ. ಕೊಂಡವರೂ ಉಡುಗೊರೆಯಾಗಿ ಪಡೆದವರೂ ಮೊದಲ ಪುಟವನ್ನು ದುಂಡಾದ ಅಕ್ಷರದಲ್ಲಿ ಬರೆಯುತ್ತಾರೆ. ಜನವರಿಯ ಪುಟಗಳು ತುಂಬುತ್ತವೆ. ಫೆಬ್ರವರಿಯಲ್ಲಿ ಸಾಲುಗಳು ಕಡಮೆಯಾಗುತ್ತವೆ. ಯುಗಾದಿಯ ವೇಳೆಗೆ ಅದೇ ಪುಸ್ತಕದಲ್ಲಿ ಹಾಲಿನ ಲೆಕ್ಕವೂ ಇಸ್ತ್ರಿಯ ಲೆಕ್ಕವೂ ಸೇರಿಕೊಂಡಿರುತ್ತವೆ. ಆಮೇಲೆ ಉಳಿದ ಹಾಳೆಗಳೆಲ್ಲ ಮನೆಯ ಮಕ್ಕಳ ಪಾಲು. ಪ್ರತಿ ವರ್ಷವೂ ಅನೇಕ ಮನೆಗಳಲ್ಲಿ ನಡೆಯುವ ಕಥೆ ಇದು.

ಆದರೆ ನೂರರಲ್ಲಿ ಒಬ್ಬರೋ ಇಬ್ಬರೋ ಡಿಸೆಂಬರ್ ೩೧ರ ಪುಟವನ್ನೂ ಬರೆದು ಮುಗಿಸುತ್ತಾರೆ. ಇವರು ಉಳಿದವರಿಗಿಂತ ಹೆಚ್ಚು ಬಿಡುವುಳ್ಳವರೆಂದಾಗಲಿ, ಇವರ ಬಾಳಿನಲ್ಲಿ ಹೆಚ್ಚು ಸ್ವಾರಸ್ಯವಿತ್ತೆಂದಾಗಲಿ ತಿಳಿಯಬೇಕಾದ್ದಿಲ್ಲ. ಇಡೀ ವರ್ಷ ದಿನಕ್ಕೊಂದು ಪುಟ ಬರೆಯುವುದು ಹೇಗೆ ಸಾಧ್ಯವಾಗುತ್ತದೆ, ಎಲ್ಲಿ ಕಡಿದುಹೋಗುತ್ತದೆ, ಬರೆದು ಮುಗಿಸಿದವರಿಗೆ ದೊರಕುವುದೇನು ಎಂಬ ಮೂರು ಪ್ರಶ್ನೆಗಳನ್ನು ಇಲ್ಲಿ ವಿಚಾರ ಮಾಡೋಣ.

ದಿನದ ಬರವಣಿಗೆ ನಮ್ಮ ಜನಕ್ಕೆ ಹೊಸದಲ್ಲ. ನಮ್ಮ ವರ್ತಕರು ಕಿರ್ದಿ, ಖಾತೆ ಎಂದು ಎರಡು ಪುಸ್ತಕಗಳನ್ನು ಇಡುತ್ತ ಬಂದವರು. ಅಂದಂದಿನ ವ್ಯವಹಾರ ಅಂದಂದೇ, ನಡೆದ ಕ್ರಮದಲ್ಲೇ, ಕಿರ್ದಿಯಲ್ಲಿ ಇಳಿಯಬೇಕು. ಯಾರಿಂದ ಎಷ್ಟು ಬರಬೇಕು, ಯಾರಿಗೆ ಎಷ್ಟು ಕೊಡಬೇಕು ಎಂಬುದನ್ನು ವಿಂಗಡಿಸುವುದು ಖಾತೆಯ ಕೆಲಸ. ಅದನ್ನು ನಿಧಾನವಾಗಿ ಮಾಡಿಕೊಳ್ಳಬಹುದು. ಕಿರ್ದಿ ತಪ್ಪಿದರೆ ಖಾತೆಯನ್ನು ಯಾವ ಜಾಣನೂ ಸರಿಮಾಡಲಾರ. ಕಾಗದ ಅಪರೂಪವಾಗಿದ್ದ ಕಾಲದಲ್ಲಿ ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಸಿ ಕಡತಗಳನ್ನು ಮಾಡಿಕೊಂಡು ಅದರ ಮೇಲೆ ಬಳಪದಿಂದ ಲೆಕ್ಕ ಬರೆಯುತ್ತಿದ್ದರು. ದಿನಚರಿಯೆಂದರೆ ಬಾಳಿನ ಕಿರ್ದಿ. ನಮ್ಮ ಬಾಳು ಒಳ್ಳೆಯದೋ ಕೆಟ್ಟದ್ದೋ, ಗೆದ್ದೆವೋ ಸೋತೆವೋ ಎಂದು ತೀರ್ಮಾನ ಮಾಡುವುದು ಖಾತೆಯ ಮಾತು. ಅದಕ್ಕೆ ಅವಸರವಿಲ್ಲ. ಅಂದಿನದನ್ನು ಅಂದು ಬರೆದಿಟ್ಟುಕೊಳ್ಳುವುದಷ್ಟೇ ದಿನಚರಿಯ ಕೆಲಸ.

‘ಬರೆಯುವಂಥದ್ದು ಏನೂ ನಡೆಯಲಿಲ್ಲ’ ಎಂಬುದು ದಿನಚರಿಯನ್ನು ಕೈಬಿಟ್ಟವರೆಲ್ಲ ಹೇಳುವ ಕಾರಣ. ಇದಕ್ಕೆ ಉತ್ತರ ಬೇಕಾದರೆ ಮಳೆಮಾಪಕದ ಬಳಿಗೆ ಹೋಗಬೇಕು. ಭಾರತದ ಹವಾಮಾನ ಇಲಾಖೆ ಸ್ಥಾಪನೆಯಾದದ್ದು ೧೮೭೫ರಲ್ಲಿ. ಅದರ ಕ್ರಮದಂತೆ ಮಳೆಯನ್ನು ಅಳೆಯುವವನು ಪ್ರತಿದಿನ ಬೆಳಗ್ಗೆ ಎಂಟೂವರೆ ಗಂಟೆಗೆ ಹಿಂದಿನ ೨೪ ಗಂಟೆಗಳಲ್ಲಿ ಬಿದ್ದ ಮಳೆಯನ್ನು ನೋಡಿ ಬರೆಯುತ್ತಾನೆ. ಆಗುಂಬೆಯಲ್ಲಿ ಆಷಾಢದ ದಿವಸ ಪಾತ್ರೆ ತುಂಬಿರುತ್ತದೆ. ಮಾಘದಲ್ಲಿ ತೊಟ್ಟೂ ಇರುವುದಿಲ್ಲ. ತೊಟ್ಟೂ ಇಲ್ಲದ ದಿವಸ ಅವನು ಪುಸ್ತಕವನ್ನು ಮುಚ್ಚಿಡುವುದಿಲ್ಲ, ಸೊನ್ನೆ ಬರೆಯುತ್ತಾನೆ. ಸೊನ್ನೆಗೂ ಖಾಲಿ ಬಿಟ್ಟ ಮನೆಗೂ ಅಜಗಜಾಂತರವಿದೆ. ಸೊನ್ನೆಯೆಂದರೆ ‘ನೋಡಿದೆ, ಮಳೆ ಬಂದಿಲ್ಲ’ ಎಂದರ್ಥ. ಖಾಲಿ ಮನೆಯೆಂದರೆ ಯಾರೂ ನೋಡಲಿಲ್ಲ ಎಂದರ್ಥ. ಸೊನ್ನೆಗಳನ್ನು ಕೂಡಿಸಿಯೇ ಬರಗಾಲವನ್ನು ಗುರುತಿಸಬೇಕು. ಖಾಲಿ ಮನೆಗಳಿಂದ ಏನನ್ನೂ ತಿಳಿಯಲಾಗದು. ಏನೂ ನಡೆಯದ ದಿನದ ಒಂದು ಸಾಲು ದಿನಚರಿಯಲ್ಲಿ ಈ ಸೊನ್ನೆಯ ಸ್ಥಾನದಲ್ಲಿ ನಿಲ್ಲುತ್ತದೆ.

ದಿನಚರಿ ಸಾಮಾನ್ಯವಾಗಿ ಎರಡು ಬಗೆಯ ದಿವಸಗಳಲ್ಲಿ ಕಡಿಯುತ್ತದೆ. ಒಂದು, ನೂರು ಸಂಗತಿಗಳು ನಡೆದು ಬರೆಯಲು ಪುರಸೊತ್ತೇ ಇಲ್ಲದ ದಿವಸ. ಇನ್ನೊಂದು, ಏನೂ ನಡೆಯದ ದಿವಸ. ಇವೆರಡರ ಕಷ್ಟವೂ ಒಟ್ಟಿಗೆ ಬಂದು ಕೂರುವ ಮೂರನೆಯ ಬಗೆಯೊಂದಿದೆ. ಅದು ಮನೆಯವರಿಂದ ದೂರವಿದ್ದು ಕಳೆಯುವ ಹಬ್ಬದ ದಿವಸ. ಊರಿನಲ್ಲೆಲ್ಲ ಸಡಗರ, ತನ್ನ ಕೋಣೆಯಲ್ಲಿ ಮಾತ್ರ ಏನೂ ಇಲ್ಲ. ದೀಪಾವಳಿಯ ರಾತ್ರಿ ರೈಲನ್ನು ನಡೆಸುವ ಚಾಲಕ, ಆಸ್ಪತ್ರೆಯಲ್ಲಿ ಪಾಳಿಯಲ್ಲಿರುವ ದಾದಿ, ಗಡಿಯ ಠಾಣೆಯ ಸಿಪಾಯಿ, ರಜೆಗೆ ಎಲ್ಲರೂ ಊರಿಗೆ ಹೋದ ಮೇಲೆ ವಿದ್ಯಾರ್ಥಿನಿಲಯದಲ್ಲಿ ಉಳಿದುಕೊಂಡ ಹುಡುಗ, ಕಡಲಿನ ಮೇಲಿರುವ ನಾವಿಕ, ಯುಗಾದಿಯ ದಿವಸವೂ ಕಚೇರಿಗೆ ಹೋಗಲೇಬೇಕಾದ ಪರದೇಶದ ಕನ್ನಡಿಗ, ಹಬ್ಬದ ವಿಶೇಷ ಕಾರ್ಯಕ್ರಮ ನಿಮ್ಮ ಮನೆಗೆ ಕೇಳಿಬರುವಾಗ ಬಾನುಲಿ ನಿಲಯದಲ್ಲಿ ಕೆಲಸದ ಮೇಲಿರುವವರು, ಇವರೆಲ್ಲರೂ ಈ ಸಾಲಿಗೆ ಸೇರಿದವರು. ಆ ದಿವಸ ಪುಸ್ತಕವನ್ನು ತೆರೆಯುವುದಕ್ಕೇ ಮನಸ್ಸು ಬಾರದು. ಬರೆಯುವುದಾದರೂ ಏನನ್ನು? ಇಲ್ಲದ್ದನ್ನು ಬರೆಯುವುದು ಹೇಗೆ? ವರ್ಷದ ಬರವಣಿಗೆಗೆ ನಿಜವಾದ ಪರೀಕ್ಷೆ ನಡೆಯುವುದು ಇಲ್ಲಿಯೇ. ಈ ಪರೀಕ್ಷೆಯಲ್ಲಿ ತೇರ್ಗಡೆಯಾದ ಕೆಲವರನ್ನು ನೋಡೋಣ.

ಲೋಕದ ದಿನಚರಿಕಾರರಲ್ಲಿ ಪ್ರಖ್ಯಾತನಾದವನು ಲಂಡನ್ನಿನ ಸ್ಯಾಮ್ಯುಯಲ್ ಪೀಪ್ಸ್. ನೌಕಾದಳದ ಕಚೇರಿಯಲ್ಲಿ ಅಧಿಕಾರಿಯಾಗಿದ್ದವನು. ೧೬೬೦ರ ಜನವರಿ ೧ರಂದು, ೨೬ನೆಯ ವಯಸ್ಸಿನಲ್ಲಿ, ದಿನಚರಿಯನ್ನು ಆರಂಭಿಸಿದ. ೧೬೬೯ರ ಮೇ ೩೧ರವರೆಗೆ ಒಂಬತ್ತು ವರ್ಷಕ್ಕೂ ಮಿಕ್ಕು ನಡೆಸಿದ. ಶೀಘ್ರಲಿಪಿಯಲ್ಲಿ ಬರೆದದ್ದು; ಒಟ್ಟು ಹತ್ತು ಲಕ್ಷ ಪದಗಳಿಗೂ ಹೆಚ್ಚು. ಕಣ್ಣು ಹೋಗುತ್ತದೆಂಬ ಭಯದಿಂದ ನಿಲ್ಲಿಸಿದ. ಆದರೆ ಕಣ್ಣು ಹೋಗಲಿಲ್ಲ, ೧೭೦೩ರವರೆಗೆ ಬದುಕಿದ್ದ. ಅವನ ಪುಸ್ತಕಗಳು ಕೇಂಬ್ರಿಜ್ಜಿನ ಮ್ಯಾಗ್ಡಲೀನ್ ಕಾಲೇಜನ್ನು ಸೇರಿ, ಲಿಪಿಯನ್ನು ಬಿಡಿಸಿ ಓದಿದ ಮೇಲೆ ೧೮೨೫ರಲ್ಲಿ ಮೊದಲ ಬಾರಿಗೆ ಅಚ್ಚಾದವು.

೧೬೬೫ರಲ್ಲಿ ಲಂಡನ್ನಿಗೆ ಪ್ಲೇಗು ಬಂತು. ಆ ವರ್ಷದ ಮರಣಪಟ್ಟಿಗಳ ಪ್ರಕಾರ ಪ್ಲೇಗಿನಿಂದ ಸತ್ತವರು ೬೮ ಸಾವಿರಕ್ಕೂ ಹೆಚ್ಚು. ಜುಲೈ ೫ರಂದು ಪೀಪ್ಸ್ ತನ್ನ ಹೆಂಡತಿಯನ್ನು ನದಿಯ ಕೆಳಭಾಗದ ವುಲಿಜ್ ಎಂಬಲ್ಲಿಗೆ ಕಳುಹಿಸಿ ತಾನು ಕೆಲಸಕ್ಕಾಗಿ ಉಳಿದುಕೊಂಡ. ಹಲವು ತಿಂಗಳು ಸಂಸಾರ ಒಂದೆಡೆ, ಕೆಲಸ ಇನ್ನೊಂದೆಡೆ. ಆದರೂ ಬರವಣಿಗೆ ನಿಲ್ಲಲಿಲ್ಲ. ಬಾಗಿಲು ಮುಚ್ಚಿದ ಮನೆಗಳು, ತಾನು ಕುಡಿದ ಪಾನೀಯ, ಆ ವಾರ ಸತ್ತವರ ಸಂಖ್ಯೆ, ಹೊಸದಾಗಿ ಹೊಲಿಸಿದ ಅಂಗಿ ಎಲ್ಲವೂ ಒಂದರ ಪಕ್ಕದಲ್ಲಿ ಒಂದು ಬಂದು ನಿಂತವು. ಡಿಸೆಂಬರ್ ೩೧ರಂದು ಎಂದಿನಂತೆ ವರ್ಷದ ಲೆಕ್ಕ ಹಾಕಿದ. ತನ್ನ ಆಸ್ತಿ ಸಾವಿರದ ಮುನ್ನೂರು ಪೌಂಡಿನಿಂದ ನಾಲ್ಕು ಸಾವಿರದ ನಾನೂರಕ್ಕೆ ಏರಿದೆಯೆಂದೂ ಈ ಪ್ಲೇಗಿನ ಕಾಲದಷ್ಟು ಉಲ್ಲಾಸವಾಗಿ ತಾನು ಎಂದೂ ಇರಲಿಲ್ಲವೆಂದೂ ಬರೆದ. ಪರಿಚಿತರಲ್ಲಿ ಅನೇಕರು ಸತ್ತುಹೋದುದನ್ನೂ ಅಲ್ಲಿಯೇ ಬರೆದ. ಇದು ನಮಗೆ ವಿಚಿತ್ರವೆನಿಸಬಹುದು. ಹತ್ತು ವರ್ಷದ ಮೇಲೆ ನೆನಪಿನಿಂದ ಬರೆದಿದ್ದರೆ ಅವನೂ ಉಲ್ಲಾಸದ ಮಾತನ್ನು ಬಿಟ್ಟು ದುಃಖವನ್ನು ಮಾತ್ರ ಬರೆಯುತ್ತಿದ್ದನೇನೋ. ಅಂದಿನದನ್ನು ಅಂದೇ ಬರೆದದ್ದರಿಂದ ಎರಡೂ ಉಳಿದವು. ಮನುಷ್ಯನ ಬಾಳು ಇರುವುದು ಹೀಗೆಯೇ ತಾನೆ!

ನಮ್ಮ ದೇಶದಲ್ಲೇ ಪೀಪ್ಸನಿಗೆ ಸರಿದೊರೆಯಾದ ಒಬ್ಬರಿದ್ದರು. ಪುದುಚೇರಿಯಲ್ಲಿ ಫ್ರೆಂಚ್ ಕಂಪೆನಿಯ ದುಭಾಷಿಯಾಗಿದ್ದ ಆನಂದರಂಗ ಪಿಳ್ಳೆ ೧೭೩೬ರಿಂದ ೧೭೬೧ರವರೆಗೆ ತಮಿಳಿನಲ್ಲಿ ದಿನಚರಿ ಬರೆದಿಟ್ಟರು. ಬಂದರಿಗೆ ಬಂದ ಹಡಗು, ಗವರ್ನರ್ ಡೂಪ್ಲೆ ಆಡಿದ ಮಾತು, ಪೇಟೆಯ ಧಾರಣೆ, ಊರಿನ ಗುಸುಗುಸು ಎಲ್ಲಕ್ಕೂ ಅದರಲ್ಲಿ ಸ್ಥಳವಿದೆ. ಹತ್ತೊಂಬತ್ತನೆಯ ಶತಮಾನದ ನಡುವಿನವರೆಗೆ ಅದು ಬೆಳಕಿಗೆ ಬಾರದೆ ಇತ್ತು. ಅದರ ಇಂಗ್ಲಿಷ್ ಅನುವಾದ ೧೯೦೪ರಿಂದ ೧೯೨೮ರವರೆಗೆ ಹನ್ನೆರಡು ಸಂಪುಟಗಳಲ್ಲಿ ಮದರಾಸಿನಲ್ಲಿ ಪ್ರಕಟವಾಯಿತು. ಆ ಕಾಲದ ದಕ್ಷಿಣ ಭಾರತದ ಚರಿತ್ರೆಯನ್ನು ಬರೆಯುವ ಯಾರೂ ಅದನ್ನು ಬಿಟ್ಟು ಮುಂದೆ ಹೋಗುವಂತಿಲ್ಲ.

ಕನ್ನಡನಾಡಿಗೂ ಒಂದು ವರ್ಷದ ದಿನಚರಿಯಿಂದ ಉಪಕಾರವಾಗಿದೆ. ೧೭೯೯ರಲ್ಲಿ ಟಿಪ್ಪು ಸುಲ್ತಾನನು ಮಡಿದ ಮೇಲೆ, ಕೈಗೆ ಬಂದ ಸೀಮೆಯ ಹುಟ್ಟುವಳಿಯೇನು ಎಂದು ತಿಳಿಯಲು ಗವರ್ನರ್ ಜನರಲ್ ವೆಲ್ಲೆಸ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನನ್ನು ಕಳುಹಿಸಿದ. ಸ್ಕಾಟ್ಲೆಂಡಿನಲ್ಲಿ ಹುಟ್ಟಿದ ಬುಕಾನನ್ ೧೮೦೦ರ ಏಪ್ರಿಲ್ ೨೩ರಂದು ಮದರಾಸನ್ನು ಬಿಟ್ಟು, ಮೈಸೂರು, ಮಲೆಯಾಳ, ಕನ್ನಡ ಜಿಲ್ಲೆಗಳನ್ನು ಸುತ್ತಿ, ೧೮೦೧ರ ಜುಲೈ ೬ರಂದು ಮದರಾಸಿಗೆ ಮರಳಿದ. ಹದಿನಾಲ್ಕು ತಿಂಗಳು. ತಾರೀಖು ಹಾಕಿ, ಬಿಡಾರದಿಂದ ಬಿಡಾರಕ್ಕೆ, ಕಂಡದ್ದನ್ನು ಬರೆಯುತ್ತ ನಡೆದ. ಕಂಪೆನಿಗೆ ಬೇಕಾಗಿದ್ದುದು ಕಂದಾಯದ ಲೆಕ್ಕ. ಆದರೆ ಇಂದು ನಾವು ಆ ಮೂರು ಸಂಪುಟಗಳನ್ನು ತೆರೆಯುವುದು ರಾಗಿಯನ್ನು ಹೇಗೆ ಬಿತ್ತುತ್ತಿದ್ದರು, ಮಗ್ಗದವನ ಸಂಪಾದನೆ ಎಷ್ಟಿತ್ತು, ಕೆರೆಯ ನೀರನ್ನು ಹೇಗೆ ಹಂಚುತ್ತಿದ್ದರು ಎಂಬಂಥ ಸಂಗತಿಗಳಿಗಾಗಿ. ಅಂದು ನಮ್ಮ ಹಳ್ಳಿಗರಿಗೆ ಇವು ಬರೆದಿಡುವಂಥ ಸಂಗತಿಗಳೆಂದು ತೋರಿರಲಾರವು. ಎಲ್ಲರಿಗೂ ಗೊತ್ತಿರುವುದನ್ನು ಯಾರೂ ಬರೆದಿಡುವುದಿಲ್ಲ. ಆದ್ದರಿಂದಲೇ ಅದು ಮೊದಲು ಮರೆತುಹೋಗುತ್ತದೆ.

ಇದುವರೆಗೆ ಹೇಳಿದವರಿಗೆ ಸುತ್ತಲೂ ಜನರಿದ್ದರು, ದಿನವೂ ಹೊಸ ಸಂಗತಿಗಳಿದ್ದವು. ಎರಡೂ ಇಲ್ಲದೆ ಹೋದಾಗ ದಿನಚರಿ ಏನಾಗುತ್ತದೆ ಎಂಬುದನ್ನು ತಿಳಿಯಬೇಕಾದರೆ ಉತ್ತರ ಧ್ರುವದ ಕಡೆಗೆ ಹೋಗಬೇಕು. ನಾರ್ವೆ ದೇಶದ ಫ್ರಿಡ್ಯೋಫ್ ನಾನ್ಸೆನ್ ೧೮೯೩ರ ಜೂನ್ ತಿಂಗಳಿನಲ್ಲಿ ಹೆಂಡತಿ ಈವಾಳನ್ನೂ ಇನ್ನೂ ವರ್ಷ ತುಂಬದ ಮಗಳನ್ನೂ ಬಿಟ್ಟು ‘ಫ್ರಾಮ್’ ಎಂಬ ಹಡಗಿನಲ್ಲಿ ಹೊರಟ. ಹಿಮಸಾಗರದಲ್ಲಿ ಹಡಗನ್ನು ಮಂಜುಗಡ್ಡೆಗೆ ಸಿಕ್ಕಿಸಿ, ಆ ಗಡ್ಡೆಯೊಡನೆ ತೇಲಿಹೋಗಿ ಧ್ರುವದ ಹತ್ತಿರ ಸೇರಬೇಕೆಂಬುದು ಅವನ ಹವಣು. ಹಡಗು ಸಾಕಷ್ಟು ಉತ್ತರಕ್ಕೆ ಹೋಗದೆಂದು ಕಂಡಾಗ, ೧೮೯೫ರ ಮಾರ್ಚ್ ೧೪ರಂದು, ಯಾಲ್ಮಾರ್ ಯೊಹಾನ್ಸೆನ್ ಎಂಬ ಸಂಗಡಿಗನೊಡನೆ ನಾಯಿಗಳನ್ನೂ ಜಾರುಬಂಡಿಗಳನ್ನೂ ತೆಗೆದುಕೊಂಡು ಮಂಜಿನ ಮೇಲೆ ಇಳಿದ. ಏಪ್ರಿಲ್ ೮ರಂದು ೮೬ ಡಿಗ್ರಿ ದಾಟಿ, ಅದುವರೆಗೆ ಯಾರೂ ಕಾಲಿಡದಷ್ಟು ಉತ್ತರಕ್ಕೆ ಹೋಗಿ, ಅಲ್ಲಿಂದ ಹಿಂದಿರುಗಿದರು.

ಹಿಂದಿರುಗುವ ದಾರಿಯಲ್ಲಿ ಚಳಿಗಾಲ ಮುಸುಕಿತು. ಫ್ರಾನ್ಸ್ ಯೋಸೆಫ್ ಲ್ಯಾಂಡ್ ಎಂಬ ನಿರ್ಜನ ದ್ವೀಪಸಮೂಹದಲ್ಲಿ ನೆಲವನ್ನು ಅಗೆದು, ಕಲ್ಲಿನ ಗೋಡೆ ಕಟ್ಟಿ, ವಾಲ್ರಸ್ ಎಂಬ ಕಡಲಪ್ರಾಣಿಯ ಚರ್ಮವನ್ನು ಮೇಲೆ ಹೊದಿಸಿ ಒಂದು ಗುಡಿಸಲು ಮಾಡಿಕೊಂಡರು. ಹತ್ತು ಅಡಿ ಉದ್ದ, ಆರು ಅಡಿ ಅಗಲ. ಸುಮಾರು ಎಂಟು ತಿಂಗಳ ಕಾಲ ಅದೇ ಮನೆ. ಕರಡಿಯ ಮಾಂಸವೇ ಊಟ, ಕೊಬ್ಬಿನ ದೀಪವೇ ಬೆಳಕು. ಅಕ್ಟೋಬರ್ ನಡುವಿನಿಂದ ಫೆಬ್ರವರಿ ಕೊನೆಯವರೆಗೆ ಸೂರ್ಯದರ್ಶನವಿಲ್ಲ. ಕೆಲವು ದಿವಸ ಇಪ್ಪತ್ತು ಗಂಟೆ ನಿದ್ದೆ ಮಾಡಿದ್ದೂ ಉಂಟು. ಅವರ ಬಳಿಯಿದ್ದ ಅಚ್ಚಿನ ಪುಸ್ತಕವೆಂದರೆ ನಾವಿಕರ ಪಂಚಾಂಗ ಮತ್ತು ಲೆಕ್ಕದ ಕೋಷ್ಟಕಗಳು. ಅಚ್ಚಾದ ಅಕ್ಷರಗಳನ್ನು ಕಂಡರೇ ಸಮಾಧಾನವಾಗುತ್ತದೆಂದು ನಾನ್ಸೆನ್ ಅದನ್ನೇ ಮತ್ತೆಮತ್ತೆ ಓದಿ ಹೆಚ್ಚುಕಡಮೆ ಬಾಯಿಪಾಠ ಮಾಡಿಕೊಂಡ.

ಇಂಥಲ್ಲಿ ದಿನಚರಿ ಬರೆಯುವುದು ಹೇಗೆ? ಕೈಗಳಿಗೂ ಬಟ್ಟೆಗಳಿಗೂ ಮಸಿ, ಜಿಡ್ಡು. ಕಾಗದವನ್ನು ಮುಟ್ಟಿದರೆ ಕಪ್ಪು ಕಲೆ. ಮಂದ ಬೆಳಕಿನಲ್ಲಿ ಬರೆದ ಸಾಲುಗಳನ್ನು ಆಮೇಲೆ ಓದುವುದೇ ಪ್ರಯಾಸವಾಯಿತು. ಕೆಲವು ವಾರಗಳಲ್ಲಿ ಹವೆಯ ಅಳತೆಗಳ ಹೊರತು ಹೆಚ್ಚೇನೂ ಇಲ್ಲ. ದಿನವೂ ಅದೇ ಯೋಚನೆಗಳು ಬಂದು ಹೋಗುತ್ತಿದ್ದವು, ಹೊಸದಾಗಿ ಬರೆಯುವುದೇನೂ ಇರಲಿಲ್ಲ. ಪುಸ್ತಕದ ಆ ಬರಿದುತನವೇ ಅಂದಿನ ಬಾಳಿನ ನಿಜವಾದ ಚಿತ್ರ ಎಂದು ಅವನು ತನ್ನ ಪ್ರವಾಸಗ್ರಂಥದಲ್ಲಿ ಹೇಳಿದ್ದಾನೆ. ಮಳೆಮಾಪಕದ ಸೊನ್ನೆ ಎಂದೆವಲ್ಲ, ಅದು ಇದೇ. ಮಿಕ್ಕೆಲ್ಲ ಮಾತು ಸೋತಾಗಲೂ ಹವೆಯ ಅಂಕಿಗಳು ನಿಲ್ಲಲಿಲ್ಲ ಎಂಬುದನ್ನು ಗಮನಿಸಬೇಕು.

೧೮೯೫ರ ಡಿಸೆಂಬರ್ ೨೪ ಬಂತು. ಕ್ರಿಸ್‌ಮಸ್ಸಿನ ಹಿಂದಿನ ಆ ಸಂಜೆಯೇ ನಾರ್ವೆಯವರಿಗೆ ಹಬ್ಬದ ಮುಖ್ಯ ವೇಳೆ. ನಾನ್ಸೆನ್ನನಿಗೆ ಮನೆಯಿಂದ ದೂರವಾದ ಮೂರನೆಯ ಕ್ರಿಸ್‌ಮಸ್. ಮೊದಲೆರಡು ವರ್ಷ ಹಡಗಿನಲ್ಲಿ ಹದಿಮೂರು ಮಂದಿ ಇದ್ದರು, ಈಗ ಇಬ್ಬರೇ. ಆ ದಿವಸದ ಪುಟ ಮಾತ್ರ ಬರಿದಾಗಿಲ್ಲ. ಹಬ್ಬಕ್ಕೆಂದು ಯೊಹಾನ್ಸೆನ್ ತನ್ನ ಅಂಗಿಯನ್ನು ತಿರುವಿ ಹಾಕಿಕೊಂಡ. ನಾನ್ಸೆನ್ನನೂ ಹಾಗೆಯೇ ಮಾಡಿ, ಕಾಲು ಬಟ್ಟಲು ಬಿಸಿನೀರಿನಲ್ಲಿ ಮೈ ತೊಳೆದುಕೊಂಡ. ಮೈಯೊರಸುವ ಬಟ್ಟೆಯಾಗಿ ಒದಗಿದ್ದು ಬಿಚ್ಚಿಹಾಕಿದ ಒಳಚಡ್ಡಿ. ಉಳಿಸಿಟ್ಟುಕೊಂಡಿದ್ದ ಒಣಮೀನಿನ ಪುಡಿಗೆ ಜೋಳದ ಹಿಟ್ಟು ಸೇರಿಸಿ, ಬೆಣ್ಣೆಯ ಬದಲು ಪ್ರಾಣಿಯ ಕೊಬ್ಬಿನೆಣ್ಣೆ ಹಾಕಿ ಹಬ್ಬದ ಅಡಿಗೆ ಮಾಡಿದರು. ಊರಿನಲ್ಲಿ ಈಗ ಗಂಟೆಗಳು ಮೊಳಗುತ್ತಿರುತ್ತವೆ ಎಂದು ನೆನೆದು ಬರೆದ. ಇಷ್ಟೇ. ತಿರುವಿ ಹಾಕಿದ ಅಂಗಿ, ಕಾಲು ಬಟ್ಟಲು ನೀರು, ಮೀನಿನ ಪುಡಿ. ‘ತುಂಬ ದುಃಖವಾಯಿತು’ ಎಂದು ಹತ್ತು ಸಲ ಬರೆದಿದ್ದರೆ ನಮಗೆ ಅದು ಇಷ್ಟು ತಟ್ಟುತ್ತಿರಲಿಲ್ಲ.

ಅದುವರೆಗೆ ಇಬ್ಬರೂ ಒಬ್ಬರನ್ನೊಬ್ಬರು ‘ನೀವು’ ಎಂದೇ ಕರೆಯುತ್ತಿದ್ದರೆಂದೂ ಆ ವರ್ಷದ ಕೊನೆಯ ರಾತ್ರಿ ‘ನೀನು’ ಎಂಬ ಸಲಿಗೆಗೆ ಇಳಿದರೆಂದೂ ಹೇಳುವುದುಂಟು. ೧೮೯೬ರ ಮೇ ೧೯ರಂದು ಗುಡಿಸಲನ್ನು ಬಿಟ್ಟು ಹೊರಟರು. ಜೂನ್ ೧೭ರಂದು ಅದೇ ದ್ವೀಪಗಳಿಗೆ ಬಂದಿದ್ದ ಫ್ರೆಡರಿಕ್ ಜ್ಯಾಕ್ಸನ್ ಎಂಬ ಆಂಗ್ಲ ಅನ್ವೇಷಕನನ್ನು ಅಕಸ್ಮಾತ್ತಾಗಿ ಕಂಡರು. ಆಗಸ್ಟಿನಲ್ಲಿ ನಾರ್ವೆಯನ್ನು ಸೇರಿದರು. ಮುಂದೆ ನಿರಾಶ್ರಿತರಿಗಾಗಿ ಮಾಡಿದ ಕೆಲಸಕ್ಕೆ ನಾನ್ಸೆನ್ನನಿಗೆ ೧೯೨೨ರ ಶಾಂತಿಯ ನೊಬೆಲ್ ಬಹುಮಾನ ಬಂತು.

ಮಂಜಿನ ದೇಶದಿಂದ ನಮ್ಮವರ ಸೆರೆಮನೆಗೆ ಬರೋಣ. ಅಲ್ಲಿಯೂ ನಾಲ್ಕು ಗೋಡೆಗಳ ನಡುವೆ ದಿನವೆಲ್ಲ ಒಂದೇ ಬಗೆ. ಮಹಾದೇವ ದೇಸಾಯಿಯವರು ಗಾಂಧೀಜಿಯ ಕಾರ್ಯದರ್ಶಿಯಾಗಿ ೧೯೧೭ರ ನವೆಂಬರ್ ೧೩ರಿಂದ ದಿನಚರಿ ಬರೆಯತೊಡಗಿದರು. ರೈಲಿನಲ್ಲಿ, ಸಭೆಯಲ್ಲಿ, ೧೯೩೨ರಲ್ಲಿ ಯರವಡಾ ಸೆರೆಮನೆಯಲ್ಲಿ ಬರೆದರು. ೧೯೩೩–೩೪ರಲ್ಲಿ ನಮ್ಮ ಬೆಳಗಾವಿಯ ಹಿಂಡಲಗಾ ಸೆರೆಮನೆಯಲ್ಲಿದ್ದಾಗ ಗಾಂಧೀಜಿಯ ಗೀತಾವ್ಯಾಖ್ಯಾನವನ್ನು ಇಂಗ್ಲಿಷಿಗೆ ತಂದವರೂ ಅವರೇ. ೧೯೪೨ರ ಆಗಸ್ಟಿನಲ್ಲಿ ಪುಣೆಯ ಆಗಾಖಾನ್ ಅರಮನೆಯಲ್ಲಿ ಬಂಧನದಲ್ಲಿದ್ದಾಗಲೂ ದಿನಚರಿ ಜತೆಯಲ್ಲಿತ್ತು. ಅದರ ಕೊನೆಯ ತಾರೀಖು ಆಗಸ್ಟ್ ೧೪. ಮರುದಿನ ಬೆಳಗ್ಗೆ ಮಡದಿ ಮಗನಿಂದ ದೂರವಾಗಿ ಅಲ್ಲಿಯೇ ತೀರಿಕೊಂಡರು. ಗುಜರಾತಿ ಭಾಷೆಯ ಆ ದಿನಚರಿಗೆ ೧೯೫೫ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಮರಣೋತ್ತರವಾಗಿ ಸಂದಿತು.

ಈ ನಿದರ್ಶನಗಳಿಂದ ತಿಳಿಯುವುದೇನು? ಮನೆಯವರಿಂದ ದೂರವಿರುವವನಿಗೆ ಪತ್ರವಿದೆ, ದೂರವಾಣಿಯಿದೆ. ಈಗಂತೂ ಮುಖ ನೋಡಿಕೊಂಡೇ ಮಾತನಾಡಬಹುದು. ಹಾಗಿದ್ದರೂ ದಿನಚರಿಯ ಕೆಲಸ ಬೇರೆ. ಮನೆಗೆ ಮಾತನಾಡುವಾಗ ನಾವು ಕೊಂಚ ಬಚ್ಚಿಡುತ್ತೇವೆ. ‘ಊಟವಾಯಿತೇ?’ ಎಂದು ತಾಯಿ ಕೇಳಿದರೆ, ಹಬ್ಬದ ದಿವಸ ಹೋಟೆಲು ಮುಚ್ಚಿ ಬ್ರೆಡ್ಡು ತಿಂದಿದ್ದರೂ ‘ಆಯಿತಮ್ಮ, ಚೆನ್ನಾಗಿತ್ತು’ ಎನ್ನುತ್ತೇವೆ. ಆ ಸುಳ್ಳು ಪ್ರೀತಿಯ ಸುಳ್ಳು. ಅದನ್ನು ಯಾರೂ ಆಕ್ಷೇಪಿಸಲಾರರು. ಆದರೆ ಬ್ರೆಡ್ಡು ತಿಂದ ದಿವಸ ಎಲ್ಲಾದರೂ ಒಂದೆಡೆ ನಿಜವಾಗಿ ಉಳಿಯಬೇಕಲ್ಲ! ಅದಕ್ಕೆ ಪುಟವಿದೆ. ಮೇಲಾಗಿ, ಹಬ್ಬಕ್ಕೆ ಬಾರದವನ ಹೆಸರನ್ನು ಮನೆಯವರು ಊಟದ ಹೊತ್ತಿನಲ್ಲಿ ಎತ್ತಿ ನೊಂದುಕೊಳ್ಳುತ್ತಾರೆ. ಅವನು ಆ ಹೊತ್ತಿನಲ್ಲಿ ಎಲ್ಲಿ ಏನು ಮಾಡುತ್ತಿದ್ದನೆಂಬುದು ಅವರ ನೆನಪಿನಲ್ಲಿ ಸೇರುವುದಿಲ್ಲ. ಅವನು ಬರೆದಿಟ್ಟರೆ ಮಾತ್ರ ಮನೆಯ ಕಥೆಯ ಆ ಅರ್ಧಭಾಗ ಉಳಿಯುತ್ತದೆ.

ಇನ್ನು ನಿತ್ಯದ ಅಭ್ಯಾಸದ ಮಾತು. ಒಂದು ಕೆಲಸ ತಾನಾಗಿಯೇ ನಡೆಯುವಷ್ಟು ರೂಢಿಯಾಗಲು ಎಷ್ಟು ದಿನ ಬೇಕು? ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ವಿದ್ವಾಂಸರು ೯೬ ಮಂದಿಯನ್ನು ಹನ್ನೆರಡು ವಾರ ಪರೀಕ್ಷಿಸಿ ೨೦೧೦ರಲ್ಲಿ ಫಲಿತಾಂಶ ಪ್ರಕಟಿಸಿದರು. ಊಟದ ಜೊತೆಗೆ ಹಣ್ಣು ತಿನ್ನುವುದು, ಸಂಜೆ ಓಡುವುದು ಮೊದಲಾದ ಅಭ್ಯಾಸಗಳನ್ನು ಅವರವರೇ ಆರಿಸಿಕೊಂಡಿದ್ದರು. ಕೆಲವರಿಗೆ ೧೮ ದಿನ ಸಾಕು. ಕೆಲವರ ವಿಷಯದಲ್ಲಿ ೨೫೪ ದಿನ ಬೇಕಾಗುವುದೆಂದು ಲೆಕ್ಕ ಬಂತು. ನಡುವಿನ ಅಂಕಿ ೬೬. ಜನವರಿ ೧ರಿಂದ ಎಣಿಸಿದರೆ ಅರವತ್ತಾರನೆಯ ದಿವಸ ಮಾರ್ಚ್ ೭. ನಮ್ಮ ದಿನಚರಿಗಳಲ್ಲಿ ಬಹುಪಾಲು ಅಷ್ಟರೊಳಗೇ ಹಾಲಿನ ಲೆಕ್ಕಕ್ಕೆ ತಿರುಗಿಬಿಡುತ್ತವೆ. ಅಭ್ಯಾಸ ಕೂಡುವ ಮೊದಲೇ ಕೈಬಿಡುತ್ತೇವೆಂದಾಯಿತು. ಅದೇ ಪರೀಕ್ಷೆಯಲ್ಲಿ ಇನ್ನೊಂದು ಸಮಾಧಾನದ ಸಂಗತಿಯೂ ತಿಳಿಯಿತು. ನಡುವೆ ಒಂದು ದಿವಸ ತಪ್ಪಿದರೆ ಅಭ್ಯಾಸಕ್ಕೆ ಹೇಳಿಕೊಳ್ಳುವಂಥ ಹಾನಿಯಿಲ್ಲ. ‘ನಿನ್ನೆ ತಪ್ಪಿತು, ಇನ್ನೇಕೆ’ ಎಂದು ಪುಸ್ತಕವನ್ನು ಮುಚ್ಚುವವರು ಇದನ್ನು ನೆನಪಿನಲ್ಲಿಡಬೇಕು. ೧೬೬೬ರಲ್ಲಿ ಲಂಡನ್ನಿಗೆ ಬೆಂಕಿ ಬಿದ್ದಾಗ ಪೀಪ್ಸನೂ ಬಿಡಿ ಹಾಳೆಗಳಲ್ಲಿ ಬರೆದಿಟ್ಟುಕೊಂಡು ಆಮೇಲೆ ಪುಸ್ತಕಕ್ಕೆ ಏರಿಸಿದ.

ಬರೆಯುವುದರಿಂದ ಮನಸ್ಸಿನ ಭಾರ ಇಳಿಯುತ್ತದೆಯೆ ಎಂಬುದನ್ನೂ ವಿಜ್ಞಾನಿಗಳು ನೋಡಿದ್ದಾರೆ. ೧೯೮೬ರಲ್ಲಿ ಅಮೆರಿಕದ ಜೇಮ್ಸ್ ಪೆನ್ನೆಬೇಕರ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳು ನಾಲ್ಕು ದಿವಸ, ದಿನಕ್ಕೆ ಹದಿನೈದು ನಿಮಿಷ, ತಮಗಾದ ನೋವಿನ ಬಗ್ಗೆ ಬರೆದರು. ಬರೆದ ಕೂಡಲೇ ಅವರ ಮನಸ್ಸು ಇನ್ನಷ್ಟು ಕುಗ್ಗಿತು. ಆದರೆ ಮುಂದಿನ ಆರು ತಿಂಗಳಲ್ಲಿ, ನಡೆದುದನ್ನೂ ತಮಗೆ ಅನಿಸಿದುದನ್ನೂ ಸೇರಿಸಿ ಬರೆದವರು ವೈದ್ಯರ ಬಳಿಗೆ ಹೋದದ್ದು ಇತರರಿಗಿಂತ ಕಡಮೆ. ಆಮೇಲಿನ ಅನೇಕ ಪರೀಕ್ಷೆಗಳಲ್ಲಿ ಈ ಗುಣ ಸಣ್ಣ ಪ್ರಮಾಣದ್ದೆಂದೇ ಕಂಡಿದೆ. ದಿನಚರಿಯನ್ನು ಸರ್ವರೋಗಕ್ಕೂ ಮದ್ದೆಂದು ಹೇಳುವಂತಿಲ್ಲ. ಒಂಟಿತನವನ್ನು ಅದು ಕಳೆಯಲಾರದು. ಒಂಟಿತನಕ್ಕೆ ಒಂದು ಆಕಾರವನ್ನು ಕೊಡಬಲ್ಲದು.

ವರ್ಷ ಮುಗಿಸಬೇಕೆನ್ನುವವರಿಗೆ ಅನುಭವಿಗಳಿಂದ ತಿಳಿದುಬರುವ ನಾಲ್ಕು ಮಾತುಗಳು ಹೀಗಿವೆ. ಮೊದಲನೆಯದು, ಬರೆಯುವ ವೇಳೆಯನ್ನು ದಿನದ ಯಾವುದಾದರೂ ತಪ್ಪದ ಕೆಲಸಕ್ಕೆ ಗಂಟುಹಾಕಬೇಕು. ರಾತ್ರಿಯ ಊಟವಾಗಿ ತಟ್ಟೆ ತೊಳೆದ ಕೂಡಲೇ ಎಂದಿಟ್ಟುಕೊಳ್ಳಬಹುದು. ಎರಡನೆಯದು, ಅಳತೆಯನ್ನು ಚಿಕ್ಕದಾಗಿ ಇಟ್ಟುಕೊಳ್ಳಬೇಕು. ಮೂರು ಸಾಲು ಬರೆಯುತ್ತೇನೆಂದು ನಿಶ್ಚಯಿಸಿದವನು ಜ್ವರ ಬಂದ ದಿವಸವೂ ಬರೆದಾನು. ಮೂರು ಪುಟ ಎಂದವನಿಗೆ ನೆಗಡಿಯೇ ನೆಪವಾಗುತ್ತದೆ. ಮೂರನೆಯದು, ಅಭಿಪ್ರಾಯಕ್ಕಿಂತ ಮೊದಲು ಸಂಗತಿಯನ್ನು ಬರೆಯಬೇಕು. ‘ಹಬ್ಬ ಬೇಸರವಾಗಿ ಕಳೆಯಿತು’ ಎಂದರೆ ಮುಂದಿನ ವರ್ಷ ಓದುವವನಿಗೆ ಏನೂ ಕಾಣಿಸದು. ‘ಪಕ್ಕದ ಮನೆಯವರು ಒಬ್ಬಟ್ಟು ಕೊಟ್ಟರು, ತುಪ್ಪವಿಲ್ಲದೆ ತಿಂದೆ, ಅಣ್ಣನ ಮಗು ದೂರವಾಣಿಯಲ್ಲಿ ಪಟಾಕಿಯ ಸದ್ದು ಕೇಳಿಸಿತು’ ಎಂದರೆ ಆ ಕೋಣೆಯ ದೀಪ ಮತ್ತೆ ಹೊತ್ತಿಕೊಳ್ಳುತ್ತದೆ. ನಾಲ್ಕನೆಯದು, ಇತರರಿಗೆ ತೋರಿಸುವುದಕ್ಕೆಂದು ಬರೆಯಬಾರದು. ಹಾಗೆಯೇ ಇತರರ ದಿನಚರಿಯನ್ನು ಕೇಳದೆ ಓದಲೂ ಬಾರದು. ಕದ್ದು ಓದುವ ಮನೆಯಲ್ಲಿ ನಿಜವಾದ ದಿನಚರಿ ಬೆಳೆಯುವುದಿಲ್ಲ.

ನೆನಪು ಒಳ್ಳೆಯದೇ; ಆದರೆ ಅದು ಖಾತೆ ಬರೆಯುವ ಗುಮಾಸ್ತ. ತನಗೆ ಬೇಕಾದುದನ್ನು ವಿಂಗಡಿಸಿ, ಬೇಡವಾದುದನ್ನು ಬಿಟ್ಟು, ಮೊತ್ತವನ್ನು ಮಾತ್ರ ಹೇಳುತ್ತದೆ. ಕುವೆಂಪು ಅವರಂಥ ಮಹಾಕವಿಗಳು ಸಹ ತಮ್ಮ ಆತ್ಮಕಥೆಯಾದ ‘ನೆನಪಿನ ದೋಣಿಯಲ್ಲಿ’ ಗ್ರಂಥವನ್ನು ಬರೆಯುವಾಗ ತಾರುಣ್ಯದ ದಿನಚರಿಗಳನ್ನು ತೆರೆದು ನೋಡಿದರು. ದೋಣಿ ನೆನಪಿನದಾದರೂ ದಡವನ್ನು ಗುರುತು ಹಿಡಿಯಲು ತಾರೀಖುಗಳು ಬೇಕಾದವು.

ಹಾಗಾದರೆ ಕೊನೆಯ ಪುಟ ಬರೆದವನಿಗೆ ದೊರಕುವುದೇನು? ಬಹುಮಾನವಿಲ್ಲ, ಚಪ್ಪಾಳೆಯಿಲ್ಲ. ಆ ದಿವಸ ಅವನು ಮನೆಯಿಂದ ದೂರದಲ್ಲೇ ಇದ್ದರೆ, ಪಕ್ಕದಲ್ಲಿ ನಿಂತು ‘ಮುಗಿಸಿದೆಯಾ, ಭೇಷ್’ ಎನ್ನುವವರೂ ಇಲ್ಲ. ಮೊದಲಿನಿಂದ ತಿರುವಿ ನೋಡಿದರೆ, ದೊಡ್ಡ ಘಟನೆಗಳೆಂದು ಎರಡೆರಡು ಪುಟ ಬರೆದಿದ್ದರಲ್ಲಿ ಅನೇಕವು ಈಗ ಸಪ್ಪೆಯಾಗ ಕಾಣುತ್ತವೆ. ಏನೂ ಇಲ್ಲವೆಂದು ಎರಡು ಸಾಲು ಗೀಚಿದ ದಿವಸಗಳು ಕೈಹಿಡಿದು ನಿಲ್ಲಿಸುತ್ತವೆ. ಆ ಪುಸ್ತಕ ಮನೆಗೆ ಬಂದು, ಒಂದು ದಿನ ತಾಯಿಯ ಕೈಗೆ ಅವನಾಗಿಯೇ ಕೊಟ್ಟರೆ, ಅವಳು ಮೊದಲು ಹುಡುಕುವುದು ಹಬ್ಬದ ತಾರೀಖಿನ ಪುಟವನ್ನೇ. ಅಲ್ಲಿ ತುಪ್ಪವಿಲ್ಲದ ಒಬ್ಬಟ್ಟಿನ ಸುದ್ದಿಯನ್ನು ಓದಿ, ಅಂದು ತಾನು ಬಡಿಸಲಾಗದೆ ಹೋದದ್ದಕ್ಕೆ ನಿಟ್ಟುಸಿರು ಬಿಟ್ಟು, ಅಂದಿನ ಮಾತನ್ನು ಕೇಳತೊಡಗುತ್ತಾಳೆ. ಹಬ್ಬದ ದಿವಸ ಆಡಲಾಗದ ಮಾತನ್ನು ಆಗ ಆಡಬಹುದು. ಪುಟವನ್ನು ಬರೆದಿಟ್ಟಿದ್ದರೆ ಮಾತ್ರ.